ಆಪ್ತಸಮಾಲೋಚನೆಯಲ್ಲಿ ‘ಆಪ್ತ’ ಯಾರು?

ಕೌನ್ಸೆಲಿಂಗ್ ಎಂಬ ಇಂಗ್ಲಿಷ್ ಮಾತಿಗೆ ಕನ್ನಡದಲ್ಲಿ ‘ಆಪ್ತಸಮಾಲೋಚನೆ’ ಎಂಬುದು ಗಟ್ಟಿಯಾಗಿ ನೆಲೆಯೂರಿದೆ. ಆಸ್ಪತ್ರೆಯ ಬೋರ್ಡಿನಲ್ಲಿ, ಕಾಲೇಜಿನ ಸುತ್ತೋಲೆಯಲ್ಲಿ, ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಅದೇ ಚಾಲ್ತಿಯಲ್ಲಿದೆ. ಇಂಗ್ಲಿಷಿನ ಮಾತಿನಲ್ಲಿ ಸಲಹೆಯಿದೆ, ಆಪ್ತತೆಯಿಲ್ಲ. ಅದನ್ನು ಸೇರಿಸಿದ್ದು ಕನ್ನಡ. ಬರೀ ‘ಸಮಾಲೋಚನೆ’ ಎಂದಿದ್ದರೆ ಅದು ಸಹಕಾರ ಸಂಘದ ಸಭೆಗೂ ಒಪ್ಪುತ್ತಿತ್ತು. ಮನಸ್ಸು ಕುಸಿದವರ ಜೊತೆ ಆಡುವ ಮಾತು ಬೇರೆ ಬಗೆಯದು ಎಂದು ತೋರಿಸಲು ಇನ್ನೊಂದು ಪದ ಬೇಕಾಯಿತು.

ಖಿನ್ನತೆಗೆ ಕೊಡುವ ಮಾತಿನ ಚಿಕಿತ್ಸೆ ಈಗ ಅರ್ಧ ಕೋಣೆಯಲ್ಲಿ, ಅರ್ಧ ಮೊಬೈಲಿನಲ್ಲಿ ನಡೆಯತೊಡಗಿದೆ. ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಎದುರುಬದುರು ಭೇಟಿ. ನಡುವಿನ ವಾರಗಳಲ್ಲಿ ವಿಡಿಯೊ ಕರೆ, ಆ್ಯಪ್‌ನಲ್ಲಿ ತುಂಬುವ ದಿನಚರಿ, ಮನೆಯಲ್ಲಿ ಮಾಡಬೇಕಾದ ಅಭ್ಯಾಸ, ಒಂದೆರಡು ಸಾಲಿನ ಸಂದೇಶ. ಈ ಕೂಡುಪದ್ಧತಿಯ ಬಗ್ಗೆ ಎರಡು ಪಕ್ಷಗಳಿವೆ. ಮುಖ ನೋಡದ ಚಿಕಿತ್ಸೆ ಚಿಕಿತ್ಸೆಯೇ ಅಲ್ಲ ಎನ್ನುವುದು ಒಂದು. ಮುಖ ನೋಡಲೇಬೇಕೆನ್ನುವುದು ಹಳೆಯ ಕಾಲದ ದುಬಾರಿ ಹಟ, ಎಲ್ಲವನ್ನೂ ಫೋನಿನಲ್ಲೇ ಮುಗಿಸಬಹುದು ಎನ್ನುವುದು ಇನ್ನೊಂದು. ಇಬ್ಬರದೂ ಜಾಗದ ಜಗಳ. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಕೋಣೆಯಲ್ಲಿ ಕಂಡವರೂ ಪರದೆಯಲ್ಲಿ ಕಾಣುವವರೂ ಒಬ್ಬರೇ ಏನು? ಹೋದ ಸಲ ಆಡಿದ ಮಾತು ಅವರಿಗೆ ನೆನಪಿದೆಯೇ? ರೋಗಿ ಸದ್ದಿಲ್ಲದೆ ಮಾಯವಾದರೆ ಅದು ಅವರ ಗಮನಕ್ಕೆ ಬರುತ್ತದೆಯೇ?

‘ಆಪ್ತ’ ಎಂಬ ಪದದಲ್ಲೇ ಈ ಪ್ರಶ್ನೆಗಳ ಬೇರು ಇದೆ. ದಿನಬಳಕೆಯಲ್ಲಿ ಆಪ್ತರೆಂದರೆ ಹತ್ತಿರದವರು. ಶಾಸ್ತ್ರದ ಬಳಕೆ ಬೇರೆ. ನ್ಯಾಯದರ್ಶನದವರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದು ಒಪ್ಪಿದರು. ಆದರೆ ಎಲ್ಲರ ಶಬ್ದವನ್ನಲ್ಲ, ಆಪ್ತನ ಶಬ್ದವನ್ನು ಮಾತ್ರ. ಅಲ್ಲಿ ಆಪ್ತನೆಂದರೆ ನೆಂಟನೂ ಅಲ್ಲ, ನೆರೆಯವನೂ ಅಲ್ಲ. ವಿಷಯವನ್ನು ಸ್ವತಃ ಅರಿತವನು, ಅರಿತದ್ದನ್ನು ಅರಿತ ಹಾಗೆಯೇ ಹೇಳುವ ಮನಸ್ಸುಳ್ಳವನು. ಋಷಿಯಾಗಲಿ ಮ್ಲೇಚ್ಛನಾಗಲಿ ಈ ಲಕ್ಷಣ ಇದ್ದರೆ ಆಪ್ತನೇ ಎಂಬುದು ಭಾಷ್ಯಕಾರ ವಾತ್ಸ್ಯಾಯನನ ನಿಲುವು. ಅಂದರೆ ಒಂದು ಅರ್ಥದಲ್ಲಿ ಆಪ್ತತೆ ದೂರದ ಅಳತೆ, ಇನ್ನೊಂದು ಅರ್ಥದಲ್ಲಿ ನಂಬಿಕೆಯ ಅಳತೆ. ಫೋನು ಬಂದು ಕದಲಿಸಿರುವುದು ಮೊದಲನೆಯದನ್ನು. ಎರಡನೆಯದನ್ನು ಉಳಿಸಿಕೊಂಡರೆ ಅರ್ಧ ಆನ್‌ಲೈನ್ ಚಿಕಿತ್ಸೆ ನಿಲ್ಲುತ್ತದೆ; ಅದನ್ನೂ ಕಳೆದರೆ ಉಳಿಯುವುದು ಒಂದು ಆ್ಯಪ್ ಮತ್ತು ಅದರ ಚಂದಾ ಹಣ.

ಇದು ಹೇಗೆ ಎಂಬುದನ್ನು ನೋಡಲು ಚೆನ್ನೈನ ಸೌಕಾರ್‌ಪೇಟೆ ಒಳ್ಳೆಯ ಜಾಗ. ಸೆಂಟ್ರಲ್ ರೈಲು ನಿಲ್ದಾಣದ ಮಗ್ಗುಲಲ್ಲಿ, ವಾಲ್‌ಟ್ಯಾಕ್ಸ್ ರಸ್ತೆಯಿಂದ ಒಳಹೊಕ್ಕರೆ ಸಿಗುವ ಪೇಟೆ ಅದು. ಹೆಸರಿನಲ್ಲಿರುವ ಸೌಕಾರ ಕನ್ನಡದ ಸಾಹುಕಾರನೇ. ಮಿಂಟ್ ಸ್ಟ್ರೀಟಿನಲ್ಲೂ ಅದರ ಅಡ್ಡಬೀದಿಗಳಲ್ಲೂ ಮಾರವಾಡಿ, ಗುಜರಾತಿ, ಹಿಂದಿ, ತೆಲುಗು, ತಮಿಳು ಒಟ್ಟೊಟ್ಟಿಗೆ ಕಿವಿಗೆ ಬೀಳುತ್ತವೆ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಮೆಟ್ಟಿಲು. ಕೂಡುಕುಟುಂಬಗಳು ಇನ್ನೂ ಇರುವ, ಜಾಗ ಮಾತ್ರ ಇಲ್ಲದ ಪೇಟೆ. ಇಂಥ ಕಡೆ ಒಬ್ಬರು ಯಾವ ಡಾಕ್ಟರ ಬಾಗಿಲು ತಟ್ಟಿದರು ಎಂಬುದು ಬಹಳ ದಿನ ಗುಟ್ಟಾಗಿ ಉಳಿಯುವುದಿಲ್ಲ. ಮದುವೆ, ಸಾಲ, ಪಾಲುದಾರಿಕೆ ಎಲ್ಲವೂ ಮನೆತನದ ಹೆಸರಿನ ಮೇಲೆ ನಡೆಯುವಾಗ ಆ ಗುಟ್ಟಿಗೆ ಬೆಲೆಯೂ ಹೆಚ್ಚು.

ಆ ಪೇಟೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಕೀಳ್ಪಾಕ್ಕಂ ಇದೆ. ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆಯ ಮೂಲ 1794ರಷ್ಟು ಹಳೆಯದು. ಎರಡು ಶತಮಾನ ಜನರನ್ನು ನೋಡಿಕೊಂಡ ಆಸ್ಪತ್ರೆಯ ಊರಿನ ಹೆಸರು ತಮಿಳಿನ ಹಾಸ್ಯದಲ್ಲಿ, ಸಿನಿಮಾದಲ್ಲಿ ಹುಚ್ಚಿಗೆ ಪರ್ಯಾಯವಾಗಿದೆ. ಬೆಂಗಳೂರಿನವರು ‘ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂದು ಗೇಲಿ ಮಾಡುವುದೂ ಇದೇ ವರಸೆ. ಆಸ್ಪತ್ರೆಯ ಹೆಸರೇ ಬೈಗುಳವಾದ ಊರುಗಳಲ್ಲಿ ಫೋನಿನ ಮೂಲಕ ಬರುವ ಚಿಕಿತ್ಸೆ ಬರೀ ಅನುಕೂಲವಲ್ಲ, ಹಲವರಿಗೆ ಒಳಹೋಗಲು ಇರುವ ಒಂದೇ ಬಾಗಿಲು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆಯಿದ್ದ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಸಾಮಾನ್ಯವಾಗಿ ಕೊಡುವ ಲೆಕ್ಕ 0.75. ಇಂಥ ಸ್ಥಿತಿಯಲ್ಲಿ ‘ಮುಖಾಮುಖಿಯೇ ಬೇಕು’ ಎಂದು ಹಟ ಹಿಡಿಯುವವರು ಆ 85 ಮಂದಿಗೆ ಏನು ಹೇಳುತ್ತಾರೆ?

ಒಬ್ಬಾಕೆಯನ್ನು ಕಲ್ಪಿಸಿಕೊಳ್ಳೋಣ. ದಾವಣಗೆರೆಯ ಜವಳಿ ವ್ಯಾಪಾರಿ ಮನೆತನದ ಮಗಳು. ಮನೆಮಾತು ಮಾರವಾಡಿ, ಶಾಲೆ, ಗೆಳತಿಯರು, ಓದಿದ ಕಾದಂಬರಿ ಎಲ್ಲ ಕನ್ನಡ. ಮದುವೆಯಾಗಿ ಸೌಕಾರ್‌ಪೇಟೆಗೆ ಬಂದು ಎಂಟು ವರ್ಷ. ಎರಡನೇ ಮಗುವಿನ ನಂತರ ನಿದ್ದೆ ಹೋಗಿದೆ, ಊಟ ಸೇರುವುದಿಲ್ಲ, ಬೆಳಗಾದರೆ ಏಳಲು ಕಾರಣವೇ ಕಾಣುವುದಿಲ್ಲ. ಅತ್ತೆಮಾವನ ಜೊತೆ ಆಡುವ ಮಾರವಾಡಿ ಮರ್ಯಾದೆಯ ಮಾತು. ಅದರಲ್ಲಿ ಇದನ್ನೆಲ್ಲ ಹೇಳಲು ನಾಲಿಗೆ ಹೊರಳದು. ತಮಿಳು ತರಕಾರಿಯವನ ಜೊತೆಗಿನ ಲೆಕ್ಕಕ್ಕೆ ಸಾಕಾಗುವಷ್ಟಿದೆ. ಸಂಕಟವನ್ನು ಹೇಳಿಕೊಳ್ಳುವಷ್ಟು ಸಲಿಗೆ ಇರುವುದು ಕನ್ನಡದ ಜೊತೆ ಮಾತ್ರ. ಸೌಕಾರ್‌ಪೇಟೆಯಲ್ಲಿ ಕನ್ನಡದ ಚಿಕಿತ್ಸಕರನ್ನು ಹುಡುಕುವುದು ಹೇಗೆ? ಆದ್ದರಿಂದ ಆಕೆಗೆ ಒಗ್ಗುವುದು ಬೆಂಗಳೂರಿನ ಮನಶ್ಶಾಸ್ತ್ರಜ್ಞೆಯೊಬ್ಬರು. ವಾರಕ್ಕೊಮ್ಮೆ ಫೋನಿನಲ್ಲಿ, ತವರಿಗೆ ಹೋಗುವಾಗ, ಬರುವಾಗ ಬೆಂಗಳೂರಿನಲ್ಲಿ ಇಳಿದು ಎದುರುಬದುರು. ಸೆಂಟ್ರಲ್‌ನಿಂದ ಬೆಂಗಳೂರಿಗೆ ಐದಾರು ಗಂಟೆ, ವಂದೇ ಭಾರತ್ ಹಿಡಿದರೆ ಇನ್ನೂ ಬೇಗ.

ಹೀಗೆ ನೋಡಿದರೆ ಕೂಡುಪದ್ಧತಿ ಯಾವ ಕಂಪನಿಯೂ ಕಂಡುಹಿಡಿದದ್ದಲ್ಲ. ತವರು–ಗಂಡನ ಮನೆ ಎಂಬ ಎರಡು ಊರಿನ ಬದುಕಿಗೆ ಅದು ತಾನಾಗಿ ಹೊಂದಿಕೊಳ್ಳುವ ಏರ್ಪಾಡು. ಅದರಲ್ಲೊಂದು ಅನಿರೀಕ್ಷಿತ ಲಾಭವೂ ಇದೆ. ಮನೆಯಲ್ಲಿ ಬಾಗಿಲು ಹಾಕಿಕೊಳ್ಳಲು ಕೋಣೆಯಿಲ್ಲ, ತಾರಸಿಯಲ್ಲಿ ಯಾರಾದರೂ ಬಟ್ಟೆ ಒಣಹಾಕುತ್ತಿರುತ್ತಾರೆ. ಆದರೆ ಆಕೆ ಮಾತಾಡುವ ಕನ್ನಡ ಆ ಮನೆಯಲ್ಲಿ ಇನ್ನಾರಿಗೂ ಗೊತ್ತಿಲ್ಲ. ಭಾಷೆಯೇ ಆಕೆಯ ಕೋಣೆ. ಇದೇ ಕಾರಣಕ್ಕೆ ಅಪಾಯವೂ ಇದೆ. ಮಾತು ಅರ್ಥವಾಗದವರಿಗೂ ಅಳು ಅರ್ಥವಾಗುತ್ತದೆ. ಅತ್ತೆ ಮೆಟ್ಟಿಲು ಹತ್ತಿ ಬರುವ ಸದ್ದಾದರೆ ಆಕೆ ಥಟ್ಟನೆ ದನಿ ಬದಲಿಸಿ ಮಗುವಿನ ಲಸಿಕೆಯ ವಿಷಯ ತೆಗೆಯಬಹುದು. ಆ ತಿರುವನ್ನು ಹಿಡಿಯಬಲ್ಲವರು ಯಾರು? ಆಕೆಯ ಸಹಜ ದನಿಯನ್ನು ಮೊದಲೇ ಎದುರು ಕೂತು ಕೇಳಿದವರು ಮಾತ್ರ. ಮೊದಲ ಭೇಟಿ ಮುಖಾಮುಖಿ ಆಗಬೇಕು ಎನ್ನುವುದಕ್ಕೆ ಇರುವ ಗಟ್ಟಿ ಕಾರಣ ಇದು. ಶಿಷ್ಟಾಚಾರಕ್ಕಲ್ಲ, ಮುಂದೆ ಫೋನಿನಲ್ಲಿ ಕೇಳುವುದನ್ನು ಸರಿಯಾಗಿ ಓದಲು.

ಪದಗಳ ಮಟ್ಟದಲ್ಲೂ ಇದೇ ಕಥೆ. ಕನ್ನಡದಲ್ಲಿ ಮನಸ್ಸಿನ ಕಷ್ಟಕ್ಕೆ ಜನ ಬಳಸುವ ಮಾತು ‘ಖಿನ್ನತೆ’ಯಲ್ಲ. ಅದು ಪುಸ್ತಕದ ಮಾತು. ಜನ ಬಳಸುವುದು ‘ಬೇಜಾರು’. ಪರ್ಷಿಯನ್ನಿಂದ ಬಂದ ಈ ಪದ ಕನ್ನಡದಲ್ಲಿ ಎಷ್ಟು ಹೊರೆ ಹೊತ್ತಿದೆಯೆಂದರೆ, ರಜೆಯ ಮಧ್ಯಾಹ್ನ ಹೊತ್ತು ಹೋಗದಿದ್ದರೂ ಬೇಜಾರು, ಗೆಳೆಯ ಮದುವೆಗೆ ಕರೆಯದಿದ್ದರೂ ಬೇಜಾರು, ಬದುಕೇ ಬೇಡವೆನಿಸಿದರೂ ಬೇಜಾರು. ‘ಏನಿಲ್ಲ ರೀ ಮೇಡಂ, ಸ್ವಲ್ಪ ಬೇಜಾರು ಅಷ್ಟೇ’ ಎಂಬ ಸಾಲು ವಾಟ್ಸ್ಆ್ಯಪ್‌ನಲ್ಲಿ ಬಂದರೆ ಅದು ಈ ಮೂರರಲ್ಲಿ ಯಾವುದು? ಎದುರಿಗಿದ್ದರೆ ಕಣ್ಣು, ಭುಜ, ಉಸಿರು ಹೇಳುತ್ತವೆ. ವಿಡಿಯೊದಲ್ಲಿ ಅರ್ಧ ತಿಳಿಯುತ್ತದೆ. ಬರಹದಲ್ಲಿ ಬರೀ ಪದ ಉಳಿಯುತ್ತದೆ. ಆ ಸಾಲಿಗೆ ‘ಅಷ್ಟೇ’ ಎಂಬುದನ್ನು ಆಕೆ ಸಾಮಾನ್ಯವಾಗಿ ಸೇರಿಸುವುದಿಲ್ಲ ಎಂದು ಗೊತ್ತಿರುವವರು ಕೂಡಲೇ ಫೋನು ಎತ್ತಿಕೊಳ್ಳುತ್ತಾರೆ. ಗೊತ್ತಿಲ್ಲದವರು ಒಂದು ನಗುಮುಖದ ಚಿತ್ರ ಕಳಿಸಿ ಸುಮ್ಮನಾಗುತ್ತಾರೆ.

ಅನುವಾದಗೊಂಡ ಪ್ರಶ್ನಾವಳಿಗಳೂ ಇಲ್ಲಿ ಎಡವಬಹುದು. ಖಿನ್ನತೆಯನ್ನು ಅಳೆಯಲು ಜಗತ್ತಿನಾದ್ಯಂತ ಬಳಸುವ ಪಿಎಚ್‌ಕ್ಯೂ-9ರಲ್ಲಿ ಒಂಬತ್ತು ಪ್ರಶ್ನೆಗಳಿವೆ. ಉತ್ತರಗಳ ಮೊತ್ತ ಸೊನ್ನೆಯಿಂದ 27ರವರೆಗೆ. ಉಪಯುಕ್ತ ಸಾಧನವೇ. ಆದರೆ ‘ಕಳೆದ ಎರಡು ವಾರಗಳಲ್ಲಿ ನೀವು ಎಷ್ಟು ಬಾರಿ ನಿರಾಶಾದಾಯಕವಾಗಿ ಭಾವಿಸಿದ್ದೀರಿ’ ಎಂಬ ಧಾಟಿಯ ಕನ್ನಡದಲ್ಲಿ ಯಾವ ಮನುಷ್ಯರೂ ಇನ್ನೊಬ್ಬರ ಸುಖದುಃಖ ವಿಚಾರಿಸಿದ್ದಿಲ್ಲ. ‘ಊಟ ಸೇರ್ತಾ ಇದೆಯಾ? ರಾತ್ರಿ ಎಷ್ಟೊತ್ತಿಗೆ ಎಚ್ಚರ ಆಗುತ್ತೆ? ಮಗು ಎತ್ತಿಕೊಳ್ಳೋಕೆ ಮನಸ್ಸಾಗುತ್ತಾ?’ ಎಂದು ಕೇಳಿದರೆ ಅದೇ ಉತ್ತರ ಹೊರಬರುತ್ತದೆ, ಜೊತೆಗೆ ಕೇಳಿದವರ ಮೇಲೆ ಸ್ವಲ್ಪ ವಿಶ್ವಾಸವೂ ಹುಟ್ಟುತ್ತದೆ. ಆ್ಯಪ್ ಅಂಕ ಕೂಡಿಸಬಹುದು. ಅಂಕದ ಹಿಂದಿನ ಮಾತನ್ನು ಬಿಡಿಸಿ ಕೇಳುವುದು ಚಿಕಿತ್ಸಕರ ಕೆಲಸ.

ಇನ್ನು ಮೌನ. ಕೋಣೆಯಲ್ಲಿ ಮೌನಕ್ಕೆ ಬೆಲೆಯಿದೆ. ಒಬ್ಬರು ಎರಡು ನಿಮಿಷ ಏನೂ ಹೇಳದೆ ಕೂತರೆ ಚಿಕಿತ್ಸಕರು ಕಾಯುತ್ತಾರೆ. ಎಷ್ಟೋ ಸಲ ಮುಖ್ಯವಾದ ಮಾತು ಬರುವುದು ಆಮೇಲೇ. ವಿಡಿಯೊದಲ್ಲಿ ಎರಡು ನಿಮಿಷದ ಮೌನ ನೆಟ್‌ವರ್ಕ್ ಹೋದಂತೆ ಕಾಣುತ್ತದೆ. ‘ಹಲೋ, ಕೇಳಿಸ್ತಿದೆಯಾ?’ ಎಂಬ ಪ್ರಶ್ನೆ ಆ ಮೌನವನ್ನು ಕಡಿದುಹಾಕುತ್ತದೆ. ಹೇಳಬೇಕೆಂದಿದ್ದವರು ‘ಹ್ಞಾಂ, ಕೇಳಿಸ್ತಿದೆ’ ಎಂದು ಬೇರೆ ವಿಷಯಕ್ಕೆ ಹೋಗುತ್ತಾರೆ. ಮೊದಲೇ ಮಾತಾಡಿಕೊಂಡಿದ್ದರೆ ಇದನ್ನು ತಪ್ಪಿಸಬಹುದು: ‘ನೀವು ಸುಮ್ಮನಿದ್ದರೆ ನಾನೂ ಸುಮ್ಮನಿರುತ್ತೇನೆ, ಲೈನ್ ಹೋಗಿದ್ದರೆ ನಾನೇ ಮತ್ತೆ ಕರೆ ಮಾಡುತ್ತೇನೆ.’ ಇಷ್ಟು ಚಿಕ್ಕ ಒಪ್ಪಂದವೂ ಒಂದು ಸಂಬಂಧ ಇದ್ದಾಗ ಮಾತ್ರ ಸಾಧ್ಯ.

ಭೇಟಿಗಳ ನಡುವಿನ ಸಂದೇಶಗಳದ್ದು ಇನ್ನೂ ಸೂಕ್ಷ್ಮ. ಖಿನ್ನತೆಯ ಒಂದು ಸ್ವಭಾವವೆಂದರೆ ಎಲ್ಲ ಮೌನವನ್ನೂ ತಿರಸ್ಕಾರವೆಂದು ಓದುವುದು. ರಾತ್ರಿ ಒಂದು ಗಂಟೆಗೆ ಸಂದೇಶ ಹೋಗುತ್ತದೆ. ಎರಡು ನೀಲಿ ಗೀಟು ಬೀಳುತ್ತವೆ. ಉತ್ತರವಿಲ್ಲ. ‘ಇವರಿಗೂ ನಾನು ಬೇಡವಾದೆ’ ಎಂಬ ತೀರ್ಮಾನಕ್ಕೆ ಬರಲು ಆ ಎರಡು ಗೀಟು ಸಾಕು. ಚಿಕಿತ್ಸಕರಿಗೂ ಮನೆಯಿದೆ, ನಿದ್ದೆಯಿದೆ. ದಿನದ ಇಪ್ಪತ್ತನಾಲ್ಕು ಗಂಟೆ ಉತ್ತರಿಸುವೆನೆಂದು ಹೊರಟವರು ಕೆಲ ತಿಂಗಳಲ್ಲೇ ಬಳಲಿ ಕೂರುತ್ತಾರೆ. ಬೇಕಾದದ್ದು ಸದಾ ಸಿಗುವ ಚಿಕಿತ್ಸಕರಲ್ಲ, ಹೇಳಿದ ಹೊತ್ತಿಗೆ ತಪ್ಪದೆ ಸಿಗುವವರು. ‘ಮಂಗಳವಾರ, ಶುಕ್ರವಾರ ಸಂಜೆ ನಿಮ್ಮ ಸಂದೇಶ ಓದಿ ಉತ್ತರಿಸುತ್ತೇನೆ, ತೀರಾ ಕಷ್ಟವೆನಿಸಿದರೆ ಈ ನಂಬರಿಗೆ ಕರೆ ಮಾಡಿ’ ಎಂದು ಹೇಳಿ ಅದರಂತೆ ನಡೆದರೆ, ಉಳಿದ ಐದು ದಿನದ ಮೌನ ಮೌನವಾಗಿಯೇ ಉಳಿಯುತ್ತದೆ, ಏಟಾಗುವುದಿಲ್ಲ.

ಸಂಶೋಧನೆ ಈ ದಿಕ್ಕಿಗೇ ಕೈ ತೋರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಚಿಕಿತ್ಸಕ–ರೋಗಿ ಸಂಬಂಧವನ್ನು ಮೂರು ಭಾಗವಾಗಿ ಬಿಡಿಸಿದರು: ಏನನ್ನು ಸಾಧಿಸಬೇಕೆಂಬ ಒಮ್ಮತ, ಅದಕ್ಕೆ ಏನು ಮಾಡಬೇಕೆಂಬ ಒಮ್ಮತ, ಮತ್ತು ಇಬ್ಬರ ನಡುವಿನ ನಂಟು. ಈ ಮೂರರಲ್ಲಿ ಯಾವುದಕ್ಕೂ ಕುರ್ಚಿ, ಮೇಜು ಕಡ್ಡಾಯವಲ್ಲ ಎಂಬುದನ್ನು ಗಮನಿಸಬೇಕು. 2018ರಲ್ಲಿ ಕ್ರಿಸ್ಟೋಫ್ ಫ್ಲೂಕಿಗರ್ ಮತ್ತು ಸಂಗಡಿಗರು 295 ಅಧ್ಯಯನಗಳನ್ನು, 30,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಮಾಡಿ ನೋಡಿದರು. ನಂಟು ಗಟ್ಟಿಯಾದಷ್ಟೂ ಚಿಕಿತ್ಸೆಯ ಫಲ ಹೆಚ್ಚು ಎಂಬ ಸಂಬಂಧ ದೊಡ್ಡದಲ್ಲದಿದ್ದರೂ ಸ್ಥಿರವಾಗಿ ಕಂಡಿತು. ಮುಖಾಮುಖಿ ಚಿಕಿತ್ಸೆಯಲ್ಲಿ ಅದು ಎಷ್ಟಿತ್ತೋ ಇಂಟರ್ನೆಟ್ ಮೂಲಕದ ಚಿಕಿತ್ಸೆಯಲ್ಲೂ ಹೆಚ್ಚೂಕಡಿಮೆ ಅಷ್ಟೇ ಇತ್ತು. ಪರದೆ ಬಂದ ಮಾತ್ರಕ್ಕೆ ನಂಟಿನ ಮಹತ್ವ ಕುಗ್ಗುವುದಿಲ್ಲ ಎಂಬುದು ಇದರ ಅರ್ಥ.

ಇನ್ನೊಂದು ಅಧ್ಯಯನ 2021ರದು. ಎರಿನಿ ಕಾರಿಯೊಟಾಕಿ ಮತ್ತು ಸಂಗಡಿಗರು ಖಿನ್ನತೆಗೆ ಇಂಟರ್ನೆಟ್ ಮೂಲಕ ಕೊಡುವ ಅರಿವು–ವರ್ತನೆ ಚಿಕಿತ್ಸೆಯ 39 ಪ್ರಯೋಗಗಳ, 9,751 ಜನರ ಮಾಹಿತಿ ಪರಿಶೀಲಿಸಿದರು. ಹಗುರವಾದ ಖಿನ್ನತೆ ಇದ್ದವರಿಗೆ, ಮನುಷ್ಯರ ನೆರವಿಲ್ಲದೆ ತಾವಾಗಿ ಮಾಡಿಕೊಂಡು ಹೋಗುವ ಕಾರ್ಯಕ್ರಮವೂ ಸಾಕಷ್ಟು ಉಪಯೋಗಕ್ಕೆ ಬಂತು. ಖಿನ್ನತೆ ಅದಕ್ಕಿಂತ ಭಾರವಾದಾಗ ಒಬ್ಬರು ಜೊತೆಗಿದ್ದು ನಡೆಸಿದ ಕಾರ್ಯಕ್ರಮವೇ ಮೇಲಾಯಿತು. ಇಲ್ಲಿ ಆನ್‌ಲೈನ್ ಪಕ್ಷದವರಿಗೂ ಒಂದು ಪಾಠವಿದೆ. ಆ್ಯಪ್ ಯಾರಿಗೆ ಸಾಕಾಗುತ್ತದೋ ಅವರಿಗೆ ಕೊಡಲಿ, ತಕರಾರಿಲ್ಲ. ನಿಮ್ಹಾನ್ಸ್‌ನಲ್ಲೇ ಪುಶ್-ಡಿ ಎಂಬ ಸ್ವಸಹಾಯದ ಆ್ಯಪ್ ರೂಪುಗೊಂಡಿದೆ. ಆದರೆ ಏಳಲಾರದೆ ಮಲಗಿದವರಿಗೆ ‘ಇಂದಿನ ಅಭ್ಯಾಸ ಬಾಕಿ ಇದೆ’ ಎಂಬ ಸೂಚನೆ ಇನ್ನೊಂದು ಸೋಲಿನ ಲೆಕ್ಕವಾಗಿ ಕಾಣುತ್ತದೆ. ಅವರಿಗೆ ಬೇಕಾದದ್ದು ಆ ಅಭ್ಯಾಸ ಏಕೆ ಬಾಕಿಯಾಯಿತೆಂದು ಬೈಯದೆ ಕೇಳುವ ಒಬ್ಬರು.

ದೂರದ ನಂಬಿಕೆ ಸೌಕಾರ್‌ಪೇಟೆಯಂಥ ಪೇಟೆಗಳಿಗೆ ಹೊಸದಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಬ್ಯಾಂಕುಗಳು ಬರುವ ಮೊದಲಿನಿಂದ ದೇಶದ ಸಾಹುಕಾರರು ಹುಂಡಿಯ ಮೇಲೆ ವ್ಯವಹಾರ ನಡೆಸಿದರು. ಇದು ದೇವಸ್ಥಾನದ ಕಾಣಿಕೆ ಹುಂಡಿಯಲ್ಲ. ಒಂದೂರಿನಲ್ಲಿ ಬರೆದ ಚೀಟಿಗೆ ಇನ್ನೊಂದೂರಿನಲ್ಲಿ ಹಣ ಕೊಡುವ ಏರ್ಪಾಡು. ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ಗಡುವಿನ ನಂತರ ಕೊಡಬೇಕಾದದ್ದು ಮುದ್ದತಿ ಹುಂಡಿ. ಶಾಹ್‌ಜೋಗ್ ಎಂಬ ಮೂರನೆಯ ಬಗೆಯೂ ಇತ್ತು. ಅದರ ಹಣವನ್ನು ಪೇಟೆಯಲ್ಲಿ ಹೆಸರಿದ್ದ, ಗುರುತು ಇದ್ದ ವ್ಯಕ್ತಿಗೆ ಮಾತ್ರ ಕೊಡುತ್ತಿದ್ದರು. ಪ್ರಯಾಣ ಮಾಡಿದ್ದು ಕಾಗದ. ಕಾಗದಕ್ಕೆ ಬೆಲೆ ಬಂದದ್ದು ಅದರ ಎರಡೂ ತುದಿಯಲ್ಲಿ ಒಬ್ಬರನ್ನೊಬ್ಬರು ಬಲ್ಲ ಜನ ಇದ್ದದ್ದರಿಂದ. ಎರಡು ತುದಿಯ ಪರಿಚಯ ಹೋದರೆ ಅದೇ ಹುಂಡಿ ರದ್ದಿ. ಅರ್ಧ ಆನ್‌ಲೈನ್ ಚಿಕಿತ್ಸೆಯ ವಿಡಿಯೊ ಕರೆ, ಸಂದೇಶಗಳಿಗೂ ಇದೇ ನಿಯಮ ಸಲ್ಲುತ್ತದೆ. ಅವು ಹೊತ್ತು ತರುವ ನಂಬಿಕೆ ಮೊದಲೇ ಎಲ್ಲೋ ಸಂಪಾದನೆಯಾಗಿರಬೇಕು, ಆಗಾಗ ನವೀಕರಣವಾಗಬೇಕು.

ಚೆನ್ನೈನಲ್ಲೇ ಇದರ ಒಳ್ಳೆಯ ನಿದರ್ಶನವೊಂದಿದೆ. ಮಂಗಳೂರಿನಲ್ಲಿ 1923ರಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ ಕೀಳ್ಪಾಕ್ಕಂ ಆಸ್ಪತ್ರೆಯ ಮುಖ್ಯಸ್ಥೆಯಾಗಿ ಕೆಲಸ ಮಾಡಿ, ನಿವೃತ್ತಿಯ ನಂತರ 1984ರಲ್ಲಿ ಸ್ಕಿಜೋಫ್ರೇನಿಯಾ ರಿಸರ್ಚ್ ಫೌಂಡೇಶನ್, ಅಂದರೆ ಸ್ಕಾರ್ಫ್ ಕಟ್ಟಿದರು. ಆ ಸಂಸ್ಥೆ 2010ರಲ್ಲಿ ಪುದುಕೋಟೈ ಜಿಲ್ಲೆಯ ಹಳ್ಳಿಗಳಿಗೆ ಒಂದು ಬಸ್ಸು ಕಳಿಸತೊಡಗಿತು. ಬಸ್ಸಿನೊಳಗೆ ಪರದೆ, ಪರದೆಯಲ್ಲಿ ಚೆನ್ನೈನ ಮನೋವೈದ್ಯರು. ಕೋವಿಡ್‌ಗೂ ಹತ್ತು ವರ್ಷ ಮೊದಲಿನ ಮಾತು. ಅದು ಮುಖ್ಯವಾಗಿ ತೀವ್ರ ಮನೋರೋಗಗಳಿಗಾಗಿ ಇದ್ದ ಯೋಜನೆ, ಖಿನ್ನತೆಯ ಮಾತಿನ ಚಿಕಿತ್ಸೆಯಲ್ಲ. ಆದರೂ ಅದರ ರಚನೆಯಲ್ಲಿ ಕಲಿಯಬೇಕಾದದ್ದಿದೆ. ವೈದ್ಯರು ಪರದೆಯಲ್ಲಿದ್ದರೂ ಕೆಳಗೆ ಹಳ್ಳಿಯಲ್ಲಿ ಮನೆಮನೆ ಬಲ್ಲ ಸ್ಥಳೀಯ ಕಾರ್ಯಕರ್ತರಿದ್ದರು. ಪರದೆ ಒಂಟಿಯಾಗಿ ಕೆಲಸ ಮಾಡಲಿಲ್ಲ.

ಖಿನ್ನತೆಯ ವಿಷಯದಲ್ಲಿ ಗೋವಾದ ಪ್ರಯೋಗ ಇನ್ನೂ ಹತ್ತಿರದ್ದು. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರೂ ಅಲ್ಲದ, ಮನಶ್ಶಾಸ್ತ್ರಜ್ಞರೂ ಅಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಭಾರವಾದ ಖಿನ್ನತೆ ಇದ್ದವರಿಗೆ ಆರರಿಂದ ಎಂಟು ಭೇಟಿಗಳ ಚಿಕಿತ್ಸೆ ಕೊಡಿಸಿದರು. ಭೇಟಿ ಆರೋಗ್ಯ ಕೇಂದ್ರದಲ್ಲಿ ಆಗಬಹುದಿತ್ತು, ರೋಗಿಯ ಮನೆಯಲ್ಲಿ ಆಗಬಹುದಿತ್ತು, ಅಗತ್ಯಬಿದ್ದರೆ ಫೋನಿನಲ್ಲೂ ಆಗಬಹುದಿತ್ತು. 2017ರ ‘ಲ್ಯಾನ್ಸೆಟ್’ ಸಂಚಿಕೆಯಲ್ಲಿ ಬಂದ ಫಲಿತಾಂಶದಲ್ಲಿ ಈ ಚಿಕಿತ್ಸೆ ಪಡೆದವರು ಮಾಮೂಲಿ ಆರೈಕೆ ಪಡೆದವರಿಗಿಂತ ಚೇತರಿಸಿಕೊಂಡಿದ್ದರು. ಜಾಗ ಬದಲಾಗುತ್ತಿತ್ತು, ರೋಗಿಯನ್ನು ಹಿಂಬಾಲಿಸಿ ಹೋಗುವ ಜವಾಬ್ದಾರಿ ಯಾರದೆಂಬುದು ಬದಲಾಗುತ್ತಿರಲಿಲ್ಲ.

ಈ ಬೆಳಕಿನಲ್ಲಿ ಸರ್ಕಾರದ ವ್ಯವಸ್ಥೆಯನ್ನು ನೋಡಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ದೊಡ್ಡ ಹೆಜ್ಜೆ. 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡವೂ ಸೇರಿ ಸುಮಾರು ಇಪ್ಪತ್ತು ಭಾಷೆಗಳಿವೆ, ಅದರ ನೋಡಲ್ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ನಡುರಾತ್ರಿ ಉಸಿರುಗಟ್ಟಿದವರಿಗೆ ಒಂದು ದನಿ ಸಿಗುವುದು ಸಣ್ಣ ಸಂಗತಿಯಲ್ಲ. ಆದರೆ ಸಹಾಯವಾಣಿ ಮತ್ತು ಚಿಕಿತ್ಸೆ ಒಂದೇ ಅಲ್ಲ. ಸಹಾಯವಾಣಿಯಲ್ಲಿ ಯಾರು ಫೋನು ಎತ್ತಿಕೊಂಡರೂ ನಡೆಯುತ್ತದೆ, ಚಿಕಿತ್ಸೆಯಲ್ಲಿ ನಡೆಯುವುದಿಲ್ಲ. ಇಂಥ ಯೋಜನೆಗಳ ಯಶಸ್ಸನ್ನು ಸುದ್ದಿಯಲ್ಲಿ ಹೇಳುವುದು ಬಂದ ಕರೆಗಳ ಸಂಖ್ಯೆಯಿಂದ. ಅದರ ಜೊತೆಗೆ ಇನ್ನೊಂದು ಸಂಖ್ಯೆಯನ್ನೂ ಪ್ರಕಟಿಸಬೇಕು: ಚಿಕಿತ್ಸೆಗೆಂದು ಮುಂದೆ ಕಳಿಸಿದವರಲ್ಲಿ ಎಷ್ಟು ಜನ ಮೂರು ತಿಂಗಳ ನಂತರವೂ ಅದೇ ವ್ಯಕ್ತಿಯ ಬಳಿ ಮುಂದುವರಿದಿದ್ದಾರೆ? ಎಣಿಸಿದ್ದಕ್ಕೆ ಹಣ ಬರುತ್ತದೆ, ಹಣ ಬಂದದ್ದು ಬೆಳೆಯುತ್ತದೆ. ಕರೆಗಳನ್ನಷ್ಟೇ ಎಣಿಸಿದರೆ ಕರೆಗಳೇ ಬೆಳೆಯುತ್ತವೆ.

ಖಾಸಗಿ ವೇದಿಕೆಗಳ ಲೆಕ್ಕಾಚಾರ ಇದಕ್ಕಿಂತ ಕಳವಳದ್ದು. ‘ನಿಮ್ಮ ಚಿಕಿತ್ಸಕರು ಇಷ್ಟವಾಗದಿದ್ದರೆ ಒಂದು ಗುಂಡಿ ಒತ್ತಿ ಬದಲಿಸಿ’ ಎಂಬ ಸೌಲಭ್ಯ ಗಿರಾಕಿಯ ಹಕ್ಕಿನಂತೆ ಕಾಣುತ್ತದೆ. ಒಗ್ಗದವರನ್ನು ಬಿಡುವ ಹಕ್ಕು ಇರಲೇಬೇಕು. ಆದರೆ ಕಷ್ಟದ ಮಾತು ಎದುರಾದಾಗ ಚಿಕಿತ್ಸಕರ ಮೇಲೆ ಸಿಟ್ಟು ಬರುವುದು, ಅವರನ್ನು ಬಿಟ್ಟು ಓಡಬೇಕೆನಿಸುವುದು ಚಿಕಿತ್ಸೆಯ ಒಳಗಿನ ಘಟನೆಯೇ. ಆ ಸಿಟ್ಟನ್ನು ಅವರೆದುರೇ ಆಡಿ, ಅದರಿಂದ ಸಂಬಂಧ ಮುರಿಯಲಿಲ್ಲವೆಂದು ಕಾಣುವುದೇ ಎಷ್ಟೋ ಜನರ ಬದುಕಿನಲ್ಲಿ ಮೊದಲ ಅನುಭವ. ಕೋಣೆಯಿಂದ ಎದ್ದು ಹೋಗಲು ಬಾಗಿಲ ತನಕ ನಡೆಯಬೇಕು. ಹಿಂದಿನಿಂದ ‘ಒಂದು ನಿಮಿಷ ಕೂತ್ಕೊಳ್ಳಿ’ ಎಂಬ ಮಾತು ಕೇಳಿಸುವಷ್ಟು ಹೊತ್ತಾದರೂ ಇರುತ್ತದೆ. ಪರದೆ ಮುಚ್ಚಲು ಬೆರಳು ಸಾಕು. ಹೋದವರ ಸುದ್ದಿ ಕೇಳುವವರು ಇಲ್ಲದ ವ್ಯವಸ್ಥೆಯಲ್ಲಿ ಅವರು ಗುಣವಾಗಿ ಬಿಟ್ಟರೋ, ಸೋತು ಬಿಟ್ಟರೋ ಎಂಬುದೇ ಗೊತ್ತಾಗುವುದಿಲ್ಲ. ಖಿನ್ನತೆಯಲ್ಲಿ ಈ ಎರಡರ ನಡುವಿನ ಅಂತರ ಜೀವದಷ್ಟು.

ಅಪಾಯದ ಮಾತು ಬಂದಾಗ ದೂರವೂ ಲೆಕ್ಕಕ್ಕೆ ಬರುತ್ತದೆ. ಸೌಕಾರ್‌ಪೇಟೆಯಲ್ಲಿರುವ ರೋಗಿ ಬದುಕು ಬೇಡವೆಂದರೆ ಬೆಂಗಳೂರಿನಲ್ಲಿರುವ ಚಿಕಿತ್ಸಕಿ ಏನು ಮಾಡಬಲ್ಲರು? ಮೊದಲೇ ಸಿದ್ಧತೆ ಇದ್ದರೆ ಬಹಳಷ್ಟು ಮಾಡಬಲ್ಲರು. ಆಕೆ ಈಗ ಯಾವ ವಿಳಾಸದಲ್ಲಿದ್ದಾರೆ, ಮನೆಯಲ್ಲಿ ಆಕೆ ನಂಬುವ ಒಬ್ಬರು ಯಾರು, ಹತ್ತಿರದ ಆಸ್ಪತ್ರೆ ಯಾವುದು, ಮಾತ್ರೆ ಬರೆದುಕೊಡುವ ಮನೋವೈದ್ಯರು ಚೆನ್ನೈನಲ್ಲಿ ಯಾರು ಎಂಬುದು ಮೊದಲ ತಿಂಗಳಲ್ಲೇ ಬರೆದಿಟ್ಟಿರಬೇಕು. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ವೈದ್ಯರಿಗೆ ಹೇಳುವುದೂ ಇಂಥದ್ದನ್ನೇ: ರೋಗಿ ಮತ್ತು ವೈದ್ಯ ಇಬ್ಬರ ಗುರುತೂ ಪರಸ್ಪರ ಗೊತ್ತಿರಬೇಕು, ದೂರದಿಂದ ಸಾಲದು ಎನಿಸಿದರೆ ನೇರ ಭೇಟಿಗೆ ಕರೆಯುವ ವಿವೇಚನೆ ವೈದ್ಯರದು. ಕೂಡುಪದ್ಧತಿಯಲ್ಲಿ ‘ಎಷ್ಟು ಆನ್‌ಲೈನ್, ಎಷ್ಟು ಮುಖಾಮುಖಿ’ ಎಂಬುದನ್ನು ಪ್ಯಾಕೇಜ್ ನಿರ್ಧರಿಸಬಾರದು. ಚಿಕಿತ್ಸಕರೂ ರೋಗಿಯೂ ಸೇರಿ ಆಯಾ ವಾರದ ಸ್ಥಿತಿ ನೋಡಿ ನಿರ್ಧರಿಸಬೇಕು. ಆರಂಭ, ಕುಸಿತ, ಮುಕ್ತಾಯ — ಈ ಮೂರು ಸಂದರ್ಭಗಳಲ್ಲಾದರೂ ಎದುರು ಕೂರಬೇಕು.

ಇಷ್ಟಾದರೂ ಮನೆಯೆಂಬುದು ಉಳಿಯುತ್ತದೆ. ತ್ರಿವೇಣಿಯವರ ‘ಶರಪಂಜರ’ ಓದಿದವರಿಗೆ, 1971ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗುತ್ತಾಳೆ. ಆಕೆಯನ್ನು ಮತ್ತೆ ಕೆಡವುವುದು ಮನೆಯವರ, ನೆರೆಯವರ ಅನುಮಾನದ ಕಣ್ಣು. ಆಸ್ಪತ್ರೆ ಒಂದು ಲೋಕ, ಮನೆ ಇನ್ನೊಂದು ಲೋಕ ಆಗಿದ್ದ ಕಾಲದ ದುರಂತ ಅದು. ಅರ್ಧ ಆನ್‌ಲೈನ್ ಚಿಕಿತ್ಸೆಯ ನಿಜವಾದ ಅವಕಾಶ ಇಲ್ಲಿದೆ. ಚಿಕಿತ್ಸಕರು ವಾರಕ್ಕೊಮ್ಮೆ ಆ ಮನೆಯ ಮೂಲೆಯನ್ನು ನೋಡುತ್ತಾರೆ, ಹಿಂದಿನಿಂದ ಬರುವ ದನಿಗಳನ್ನು ಕೇಳುತ್ತಾರೆ, ರೋಗಿ ಒಪ್ಪಿದರೆ ಗಂಡನನ್ನೋ ಅತ್ತೆಯನ್ನೋ ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿ ಮಾತಾಡಬಹುದು. ‘ಇದು ಸೋಮಾರಿತನವಲ್ಲ ಅಮ್ಮಾ, ಕಾಯಿಲೆ’ ಎಂದು ಅತ್ತೆಗೆ ಬಾಯಿಬಿಟ್ಟು ಹೇಳುವವರು ಒಬ್ಬರು ಇದ್ದರೆ ಮನೆಯ ಹವೆ ಬದಲಾಗಬಹುದು. ಕೋಣೆಯೊಳಗೆ ಮಾತ್ರ ಕೂರುವ ಚಿಕಿತ್ಸಕರಿಗೆ ಇದು ಸುಲಭವಾಗಿ ಸಿಗುವ ಅನುಕೂಲವಲ್ಲ. ಸಿಕ್ಕಿದ್ದನ್ನು ಬಳಸಬೇಕಾದರೆ ಆಕೆಯ ಗುಟ್ಟು ಯಾವುದು, ಮನೆಯವರಿಗೆ ಹೇಳಬಹುದಾದದ್ದು ಯಾವುದು ಎಂಬ ಗೆರೆ ಇಬ್ಬರಿಗೂ ಸ್ಪಷ್ಟವಿರಬೇಕು. ಆ ಗೆರೆಯನ್ನು ಒಬ್ಬರೇ ವ್ಯಕ್ತಿ ತಿಂಗಳುಗಟ್ಟಲೆ ಕಾಪಾಡಿದಾಗ ನಂಬಿಕೆ ಹುಟ್ಟುತ್ತದೆ.

ಹೀಗಾಗಿ ಅರ್ಧ ಆನ್‌ಲೈನ್ ಚಿಕಿತ್ಸೆಗೆ ಸೇರುವವರು ಮೊದಲ ದಿನವೇ ಕೆಲವು ಪ್ರಶ್ನೆ ಕೇಳಬೇಕು. ಕೊನೆಯವರೆಗೂ ನೀವೇ ಇರುತ್ತೀರಾ? ನಿಮ್ಮ ಓದು, ನೋಂದಣಿ ಏನು? ಸಂದೇಶ ಕಳಿಸಿದರೆ ಯಾವಾಗ ಉತ್ತರ? ನಾನು ಎರಡು ವಾರ ಬಾರದಿದ್ದರೆ ನೀವು ವಿಚಾರಿಸುತ್ತೀರಾ? ನನ್ನ ಸ್ಥಿತಿ ಹದಗೆಟ್ಟರೆ ನನ್ನ ಊರಿನಲ್ಲಿ ಯಾರಿದ್ದಾರೆ? ನನ್ನ ಮಾತು ಎಲ್ಲಿ ದಾಖಲಾಗುತ್ತದೆ, ಯಾರು ಓದುತ್ತಾರೆ? ಡಾಕ್ಟರನ್ನು ಹೀಗೆಲ್ಲ ಕೇಳುವುದು ಉದ್ಧಟತನ ಎಂಬ ಸಂಕೋಚ ನಮ್ಮಲ್ಲಿದೆ, ಅದನ್ನು ಬಿಡಬೇಕು. ಈ ಪ್ರಶ್ನೆಗಳಿಗೆ ಬೇಸರಪಡದೆ ನೇರವಾಗಿ ಉತ್ತರಿಸುವವರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳುವವರು ಎಷ್ಟು ದೂರದ ಊರಿನಲ್ಲಿದ್ದರೂ ಆಪ್ತರೇ. ಉತ್ತರ ಜಾರಿಸುವವರು ಎದುರಿನ ಕುರ್ಚಿಯಲ್ಲೇ ಕೂತಿದ್ದರೂ ಆಪ್ತರಲ್ಲ. ಇದೆಲ್ಲ ಕೇಳುವಷ್ಟು ತ್ರಾಣವೂ ಇಲ್ಲದ ರಾತ್ರಿ ಬಂದರೆ 14416ಕ್ಕೆ, ಅಥವಾ ಚೆನ್ನೈನಲ್ಲಿ 1986ರಿಂದ ಆತ್ಮಹತ್ಯೆ ತಡೆಯುವ ಕೆಲಸ ಮಾಡುತ್ತಿರುವ ಸ್ನೇಹಾ ಸಂಸ್ಥೆಯ 044-24640050ಕ್ಕೆ ಕರೆ ಮಾಡಬಹುದು. ಆ ರಾತ್ರಿ ದಾಟಲು ಯಾರ ದನಿಯಾದರೂ ಆದೀತು. ಆಮೇಲಿನ ತಿಂಗಳುಗಳಿಗೆ ಒಬ್ಬರೇ ಬೇಕು. ಆ ಒಬ್ಬರನ್ನು ಒದಗಿಸುವಂತೆ ವ್ಯವಸ್ಥೆಯನ್ನು ಕೇಳುವುದು ಗುಣವಾದವರ, ಆಗುತ್ತಿರುವವರ, ಅವರನ್ನು ಪ್ರೀತಿಸುವವರ ಎಲ್ಲರ ಕೆಲಸ.